ಚಿಕ್ಕಪ್ಪನ ಎಲ್‌ಎಫ್‌ಟಿ ಏರಿದೆ: ಟಿಬಿ ಮಾತ್ರೆಯೋ, ನೈಂಟಿಯೋ?

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನಿಗೆ 52 ವರ್ಷ. ಶ್ವಾಸಕೋಶದ ಟಿಬಿ. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಶುರುವಾಗಿ ಒಂದು ತಿಂಗಳ ಮೇಲಾಯಿತು. ಮೊನ್ನೆಯಿಂದ ಊಟ ಸೇರುತ್ತಿಲ್ಲ ಅಂದರು. ಖಾಸಗಿ ಲ್ಯಾಬಿನಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರಿನ ರಕ್ತಪರೀಕ್ಷೆ ಮಾಡಿಸಿದೆವು. ರಿಪೋರ್ಟ್ ಹೀಗಿದೆ:

ಒಟ್ಟು ಬಿಲಿರುಬಿನ್ 1.1
ಎಸ್‌ಜಿಒಟಿ 168
ಎಸ್‌ಜಿಪಿಟಿ 74
ಎಎಲ್‌ಪಿ 118
ಜಿಜಿಟಿ 310
ಅಲ್ಬುಮಿನ್ 3.6

ಚಿಕ್ಕಪ್ಪ ಸಂಜೆಯಾದರೆ ಒಂದು ನೈಂಟಿ ಹಾಕುವವರು. ಟಿಬಿ ಅಂತ ಗೊತ್ತಾದ ಮೇಲೆ ಬಿಟ್ಟಿದ್ದೇನೆ ಅನ್ನುತ್ತಾರೆ. ಚಿಕ್ಕಮ್ಮ ಬಾಯಿ ಬಿಡುತ್ತಿಲ್ಲ. ಪಕ್ಕದ ಮನೆಯವರು ಬಂದು ‘ಟಿಬಿ ಮಾತ್ರೆ ಲಿವರ್ ತಿಂದು ಹಾಕುತ್ತೆ, ಮೊದಲು ಅದನ್ನು ನಿಲ್ಲಿಸಿ’ ಅಂತ ಹೆದರಿಸಿ ಹೋಗಿದ್ದಾರೆ. ಚಿಕ್ಕಪ್ಪನಿಗೂ ಅಷ್ಟೇ ಬೇಕಿತ್ತು. ಇದು ಮಾತ್ರೆಯಿಂದ ಆಗಿದ್ದೋ, ಕುಡಿತದಿಂದಲೋ? ರಿಪೋರ್ಟ್ ನೋಡಿ ಹೇಳಲು ಬರುತ್ತದಾ?

ಮೈಸೂರು ಫಿಜಿಷಿಯನ್
ನೀವಾಗಿ ನಿಲ್ಲಿಸಬೇಡಿ. ನಾಳೆ ಬೆಳಗ್ಗೆ ಈ ರಿಪೋರ್ಟ್ ಹಿಡಿದು, ಮಾತ್ರೆ ಕೊಟ್ಟ ಕಡೆಗೇ ಕರೆದುಕೊಂಡು ಹೋಗಿ. ಅದಕ್ಕೂ ಮೊದಲು ಇವತ್ತು ರಾತ್ರಿಯೇ ನಾಲ್ಕು ವಿಷಯ ನೋಡಿ. ವಾಂತಿ ಇದೆಯಾ? ಕಣ್ಣಿನ ಬಿಳಿಭಾಗ ಹಳದಿಯಾಗಿದೆಯಾ? ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದೆಯಾ? ಮಾತಿನಲ್ಲಿ ಗೊಂದಲ, ಹಗಲೆಲ್ಲ ನಿದ್ದೆ ಇದೆಯಾ? ಇದರಲ್ಲಿ ಒಂದಿದ್ದರೂ ನಾಳೆವರೆಗೆ ಕಾಯಬೇಡಿ. ಮುಂದಿನ ಡೋಸ್ ನುಂಗುವ ಮೊದಲೇ ಆಸ್ಪತ್ರೆಗೆ ಹೋಗಿ.

ಮೂತ್ರದ ಬಣ್ಣ ನೋಡಿ ಹೆದರಬೇಡಿ. ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿ ಇರುವ ಮಾತ್ರೆ ನುಂಗಿದವರಿಗೆ ಮೂತ್ರ ಕಿತ್ತಳೆ ಬಣ್ಣ ಬರುವುದು ಸಹಜ. ಕಾಮಾಲೆ ಅಂತ ಗಾಬರಿಯಾಗಿ ಮಾತ್ರೆ ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಕಣ್ಣು ನೋಡಿ, ಬೆಳಗ್ಗೆ ಹಗಲು ಬೆಳಕಿನಲ್ಲಿ ಇನ್ನೊಮ್ಮೆ ನೋಡಿ.

ಇನ್ನು ರಿಪೋರ್ಟ್. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಲಿವರ್ ಜೀವಕೋಶದ ಒಳಗಿರುವ ಕಿಣ್ವಗಳು. ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತವೆ. ಮಾತ್ರೆಯಿಂದಾದ ಪೆಟ್ಟಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದಿರುತ್ತದೆ, ಕೆಲವೊಮ್ಮೆ ನೂರಾರು, ಸಾವಿರದವರೆಗೂ ಹೋಗುತ್ತದೆ. ಕುಡಿತದಲ್ಲಿ ಉಲ್ಟಾ. ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟು ದಾಟುತ್ತದೆ, ಆದರೂ ಎರಡೂ ಬಹಳ ಮೇಲೆ ಹೋಗುವುದಿಲ್ಲ. ಕುಡಿತ ಒಂದರಿಂದಲೇ ಎಸ್‌ಜಿಪಿಟಿ 300 ದಾಟುವುದು ಅಪರೂಪ. ನಿಮ್ಮ ಚಿಕ್ಕಪ್ಪನದು 168ಕ್ಕೆ 74, ಅಂದರೆ 2.3 ಪಟ್ಟು. ಕುಡಿತದಲ್ಲಿ ಏರುವ ಇನ್ನೊಂದು ಲಿವರ್ ಕಿಣ್ವ ಜಿಜಿಟಿಯೂ ಜಾಸ್ತಿ. ತಕ್ಕಡಿ ನೈಂಟಿಯ ಕಡೆಗೇ ವಾಲುತ್ತಿದೆ.

ಆದರೆ ಅಷ್ಟಕ್ಕೇ ತೀರ್ಪು ಕೊಡಲು ಆಗುವುದಿಲ್ಲ. ಕುಡಿಯುವವರಲ್ಲಿ ಎಸ್‌ಜಿಪಿಟಿ ಹಿಂದೆ ಬೀಳಲು ಒಂದು ಕಾರಣ ಬಿ6 ವಿಟಮಿನ್ ಕೊರತೆ, ಆ ಕಿಣ್ವಕ್ಕೆ ಅದು ಬೇಕು. ಟಿಬಿಯ ಐಸೋನಿಯಾಜಿಡ್ ಕೂಡ ಬಿ6 ಅನ್ನು ತಗ್ಗಿಸುತ್ತದೆ. ಕೈಕಾಲು ಜೋಮು ಹಿಡಿಯದಿರಲಿ ಅಂತ ಜೊತೆಗೆ ಪಿರಿಡಾಕ್ಸಿನ್ ಅನ್ನುವ ಬಿ6 ಮಾತ್ರೆ ಕೊಟ್ಟಿರುತ್ತಾರೆ, ಅದನ್ನು ನುಂಗುತ್ತಿದ್ದಾರಾ ಕೇಳಿ. ರಿಫಾಂಪಿಸಿನ್ ಕೂಡ ಜಿಜಿಟಿಯನ್ನು ಸ್ವಲ್ಪ ಏರಿಸಬಲ್ಲದು. ಮಾತ್ರೆ ಶುರುವಾಗುವ ಮೊದಲು ಮಾಡಿಸಿದ ಎಲ್‌ಎಫ್‌ಟಿ ಇದೆಯಾ? ಅದು ಸಿಕ್ಕರೆ ಅರ್ಧ ಪ್ರಶ್ನೆ ಬಗೆಹರಿಯುತ್ತದೆ.

ರಕ್ತದ ಹನಿ
ನಾನು ಲ್ಯಾಬಿನವನು. ಸ್ಯಾಂಪಲ್ ಬಗ್ಗೆ ಒಂದು ಮಾತು. ಎಸ್‌ಜಿಒಟಿ ಲಿವರಿನ ಸ್ವಂತ ಆಸ್ತಿಯಲ್ಲ. ಸ್ನಾಯು, ಹೃದಯ, ಕೆಂಪು ರಕ್ತಕಣ ಎಲ್ಲದರಲ್ಲೂ ಇದೆ. ನರ ಸಿಗದೆ ಸೂಜಿ ಆಡಿಸಿ ಎಳೆದ ರಕ್ತದಲ್ಲಿ ಕಣಗಳು ಒಡೆದು, ಸೀರಮ್ ತೆಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥ ಸ್ಯಾಂಪಲ್‌ನಲ್ಲಿ ಎಸ್‌ಜಿಒಟಿ ಸುಳ್ಳೇ ಜಾಸ್ತಿ ಬರುತ್ತದೆ. ರಿಪೋರ್ಟಿನ ಕೆಳಗೆ ‘ಹಿಮೋಲೈಸ್ಡ್’ ಅಂತ ಬರೆದಿದೆಯಾ ನೋಡಿ. ಇನ್ನೊಂದು, ಟ್ಯೂಬನ್ನು ಬಿಸಿಲಿಗೆ ಇಟ್ಟರೆ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) ಒಡೆದು ಕಮ್ಮಿ ತೋರಿಸುತ್ತದೆ. ಹಳ್ಳಿಯಿಂದ ಬೈಕಿನಲ್ಲಿ ಬರುವ ಸ್ಯಾಂಪಲ್‌ಗಳಿಗೆ ನಾವು ಕಪ್ಪು ಕಾಗದ ಸುತ್ತಿಸುತ್ತೇವೆ.

ಎರಡನೇ ಸಲ ಮಾಡಿಸುವಾಗ ಅದೇ ಲ್ಯಾಬಿಗೆ ಹೋಗಿ. ಲ್ಯಾಬಿನಿಂದ ಲ್ಯಾಬಿಗೆ ನಾರ್ಮಲ್‌ನ ಮೇಲ್ಮಿತಿ ಬೇರೆ ಇರುತ್ತದೆ. ಒಂದು ಕಡೆಯ 40, ಇನ್ನೊಂದು ಕಡೆಯ 55. ಬರೀ ಸಂಖ್ಯೆ ಹೋಲಿಸಿದರೆ ಏರಿತೋ ಇಳಿಯಿತೋ ತಿಳಿಯುವುದೇ ಇಲ್ಲ.

ಜಿಮ್ ಭೈರ
ಅಣ್ಣ, ಇದು ನನ್ನ ಕಥೆಯೂ ಹೌದು. ನಾನು ಒಂದು ಹನಿ ಮುಟ್ಟುವವನಲ್ಲ. ಇನ್ಶೂರೆನ್ಸ್ ಚೆಕಪ್‌ನಲ್ಲಿ ಎಸ್‌ಜಿಒಟಿ 140 ಬಂತು. ಮನೆಯಲ್ಲಿ ಅಪ್ಪ ಅನುಮಾನದಿಂದ ನೋಡೋಕೆ ಶುರು ಮಾಡಿದರು.

ರಕ್ತದ ಹನಿ
ಹಿಂದಿನ ದಿನ ಲೆಗ್ ಡೇ (ಕಾಲಿನ ವ್ಯಾಯಾಮ) ಮಾಡಿದ್ದಿರಾ?

ಜಿಮ್ ಭೈರ
ಹೌದು! ಅದೂ ಬಹಳ ದಿನ ಬಿಟ್ಟು.

ರಕ್ತದ ಹನಿ
ಸ್ನಾಯುವಿನದ್ದು. ಸಿಪಿಕೆ ಅನ್ನುವ ಸ್ನಾಯು ಕಿಣ್ವದ ಪರೀಕ್ಷೆ ಮಾಡಿಸಿ, ಅದು ಸಾವಿರಗಳಲ್ಲಿ ಇರಬಹುದು. ಜಿಜಿಟಿ ಸ್ನಾಯುವಿನಲ್ಲಿ ಇಲ್ಲ, ಹಾಗಾಗಿ ಅದು ನಾರ್ಮಲ್ ಬರುತ್ತದೆ. ಭಾರ ಎತ್ತಿದ ಮೇಲೆ ಒಂದು ವಾರ ಕಳೆದರೂ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮೇಲೇ ಇರಬಹುದು. ವಾರಕ್ಕಿಂತ ಜಾಸ್ತಿ ಜಿಮ್ ಬಿಟ್ಟು ಮತ್ತೆ ಕೊಡಿ. ಆದರೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ಪ್ರೋಟೀನ್ ಡಬ್ಬದ ಜೊತೆ ಇನ್ನೇನಾದರೂ ‘ಸಪ್ಲಿಮೆಂಟ್’ ನಡೆಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಔಷಧಿ ಅಂಗಡಿ
ಬೆಣ್ಣೆದೋಸೆ ಅಕ್ಕ, ಚಿಕ್ಕಪ್ಪನ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಟೇಬಲ್ ಮೇಲೆ ಸುರಿಯಿರಿ. ಟಿಬಿಯದ್ದು ಮಾತ್ರ ಅಲ್ಲ. ಜ್ವರದ್ದು, ಮೈಕೈ ನೋವಿನದು, ನೆಗಡಿಯದು, ಗ್ಯಾಸ್ಟ್ರಿಕ್‌ದು, ಲೇಬಲ್ ಇಲ್ಲದ ಪುಡಿ, ಬಾಟಲಿ ಎಲ್ಲ.

ಯಾಕೆ ಹೇಳುತ್ತೇನೆ ಅಂದರೆ, ಅಂಗಡಿಗೆ ಬರುವವರು ಪ್ಯಾರಸಿಟಮಾಲನ್ನು ಮಾತ್ರೆ ಅಂತಲೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಜ್ವರಕ್ಕೆ 650ರದ್ದು ದಿನಕ್ಕೆ ನಾಲ್ಕು. ನೆಗಡಿಗೆ ಬೇರೆ ಮಾತ್ರೆ, ಅದರೊಳಗೂ ಪ್ಯಾರಸಿಟಮಾಲ್. ಸೊಂಟನೋವಿಗೆ ಅಸಿಕ್ಲೋಫೆನಾಕ್ ಜೊತೆ ಬರುವ ಮಾತ್ರೆ, ಅದರಲ್ಲೂ ಪ್ಯಾರಸಿಟಮಾಲ್. ಮೂರು ಬಣ್ಣದ ಮಾತ್ರೆ, ಒಳಗಿರುವುದು ಒಂದೇ. ದೊಡ್ಡವರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಅದು ಗೊತ್ತಿಲ್ಲದೆಯೇ ದಾಟಿಬಿಡುತ್ತದೆ.

ಮೈಸೂರು ಫಿಜಿಷಿಯನ್
ಆ 4 ಗ್ರಾಂ ಕೂಡ ನಿರಾಳ ಅಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರಿಗೆ ದಿನಕ್ಕೆ 4 ಗ್ರಾಂನಂತೆ 14 ದಿನ ಪ್ಯಾರಸಿಟಮಾಲ್ ಕೊಟ್ಟರು. ಸುಮಾರು ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಎಸ್‌ಜಿಪಿಟಿ ಮೇಲ್ಮಿತಿಯ ಮೂರು ಪಟ್ಟು ದಾಟಿತು. ಅವರಿಗೇನೂ ತೊಂದರೆಯಾಗಲಿಲ್ಲ, ನಿಲ್ಲಿಸಿದ ಮೇಲೆ ಇಳಿಯಿತು. ಆದರೆ ಅಂಥ ಸಮಯದಲ್ಲಿ ಎಲ್‌ಎಫ್‌ಟಿ ಮಾಡಿಸಿದರೆ ಏನೇನೋ ಅರ್ಥ ಹಚ್ಚಿಬಿಡುತ್ತೇವೆ ಅಲ್ವಾ?

ದಿನವೂ ಕುಡಿಯುವವರ ವಿಷಯ ಇನ್ನೂ ಬೇರೆ. ಪ್ಯಾರಸಿಟಮಾಲಿನ ಒಂದು ಭಾಗ ಲಿವರಿನಲ್ಲಿ ವಿಷದ ವಸ್ತುವಾಗುತ್ತದೆ. ಗ್ಲುಟಾಥಯೋನ್ ಅನ್ನುವುದು ಅದನ್ನು ಹಿಡಿದು ಹೊರಗೆ ಹಾಕುತ್ತದೆ. ಕುಡಿತ ಆ ವಿಷವನ್ನು ಮಾಡುವ ಕಿಣ್ವವನ್ನು ಹೆಚ್ಚಿಸುತ್ತದೆ. ಕುಡಿತವೂ ಅರೆಹೊಟ್ಟೆಯೂ ಸೇರಿ ಗ್ಲುಟಾಥಯೋನನ್ನು ಖಾಲಿ ಮಾಡುತ್ತವೆ. ಅದಕ್ಕೇ ಇಂಥವರಿಗೆ ನಾವು ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ಒಳಗೇ ಇರಿ ಅನ್ನುತ್ತೇವೆ. ಹಾಗಂತ ಪ್ಯಾರಸಿಟಮಾಲ್ ಬಿಟ್ಟು ಬ್ರೂಫೆನ್ ನುಂಗುವುದೂ ಬುದ್ಧಿವಂತಿಕೆ ಅಲ್ಲ. ಹೊಟ್ಟೆಯಲ್ಲಿ ರಕ್ತ ಸೋರುವ ಅಪಾಯ ಕುಡಿಯುವವರಿಗೆ ಮೊದಲೇ ಜಾಸ್ತಿ.

ಮಲೆನಾಡಿಗ
ಇಷ್ಟೆಲ್ಲ ಕೆಮಿಕಲ್ ಯಾಕೆ ಮಾರಾಯ್ರೆ. ಅಮೃತಬಳ್ಳಿ ಕಷಾಯ ಕೊಡಿ, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡಿ. ನಮ್ಮ ಕಡೆ ಕಾಮಾಲೆಗೆ ಆಸ್ಪತ್ರೆಗೆ ಯಾರೂ ಹೋಗುವುದಿಲ್ಲ. ಎಲ್ಲರೂ ಚೆನ್ನಾಗಿದ್ದಾರೆ.

ಮೈಸೂರು ಫಿಜಿಷಿಯನ್
ನೀರಿನಿಂದ ಬರುವ ಹೆಪಟೈಟಿಸ್ ಎ ಹೆಚ್ಚಿನವರಿಗೆ ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಆ ವಾರಗಳಲ್ಲಿ ಯಾರು ಏನು ಕೊಟ್ಟರೂ ಹೆಸರು ಅವರಿಗೇ.

ಅಮೃತಬಳ್ಳಿ ವಿಷಯಕ್ಕೆ ಬರೋಣ. ಕೊರೊನಾ ಕಾಲದಲ್ಲಿ ಇಮ್ಯುನಿಟಿ ಅಂತ ಮನೆಮನೆಯಲ್ಲೂ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಮೇಲೆ ಲಿವರ್ ಉರಿಯೂತವಾದ 6 ಜನರ ವರದಿ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳು ಸೇರಿ 43 ಜನರ ವರದಿ ತಂದವು. ಅನೇಕರಲ್ಲಿ ದೇಹ ತನ್ನ ಲಿವರನ್ನೇ ಶತ್ರು ಅಂದುಕೊಂಡು ದಾಳಿ ಮಾಡುವ ಬಗೆಯ ಉರಿಯೂತ ಕಂಡಿತ್ತು. ಮುಂಬೈ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ಗಿಡ ಯಾವುದು ಅಂತ ಸರಿಯಾಗಿ ಗುರುತಿಸಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯೂ ಇರಬಹುದು ಅಂದಿತು. ಆ ಜಗಳ ಹಾಗಿರಲಿ. ಟಿಬಿ ಮಾತ್ರೆ ನುಂಗುವಾಗ ಜೊತೆಗೆ ಕಷಾಯ ಕುಡಿದರೆ, ಎಸ್‌ಜಿಪಿಟಿ ಏರಿದ ದಿನ ಯಾವುದನ್ನು ಹಿಡಿಯುವುದು? ಅನುಮಾನದ ಮೇಲೆ ಟಿಬಿ ಔಷಧಿಯೇ ನಿಂತು ಹೋಗುತ್ತದೆ. ನಷ್ಟ ರೋಗಿಗೆ.

ಮಲೆನಾಡಿಗ
ಇಂಗ್ಲಿಷ್ ಮಾತ್ರೆಯಿಂದ ಸಾಯುವವರೇನು ಕಮ್ಮಿನಾ?

ಮೈಸೂರು ಫಿಜಿಷಿಯನ್
ಕಮ್ಮಿ ಅಲ್ಲ, ಅದನ್ನೂ ಹೇಳಲೇಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಿಂದ 2010ರಲ್ಲಿ ಒಂದು ವರದಿ ಬಂತು. ಔಷಧಿಯಿಂದ ಲಿವರ್ ಹಾಳಾಗಿ ಅಲ್ಲಿಗೆ ಬಂದ 313 ಜನ. ಅದರಲ್ಲಿ ಶೇ. 58 ಜನರಿಗೆ ಕಾರಣ ಟಿಬಿ ಮಾತ್ರೆ. ಆಮೇಲೆ ಫಿಟ್ಸ್ ಮಾತ್ರೆಗಳು. ಒಟ್ಟು ಸುಮಾರು ಶೇ. 17 ಜನ ತೀರಿಕೊಂಡರು. ದೊಡ್ಡ ಆಸ್ಪತ್ರೆಗೆ ಬರುವುದು ಕೈಮೀರಿದ ಕೇಸುಗಳು, ಅದು ನೆನಪಿರಲಿ. ಟಿಬಿ ಮಾತ್ರೆ ನುಂಗುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಆಗುವವರಿಗೆ ಬಹಳ ಬೇಗ ಕೆಡುತ್ತದೆ. ಅದಕ್ಕೇ ವಾಂತಿ, ಕಣ್ಣು ಹಳದಿ ಅಂತ ಮೊದಲೇ ಕೇಳಿದ್ದು.

ವೈದ್ಯರು ಯಾವಾಗ ನಿಲ್ಲಿಸುತ್ತಾರೆ ಅಂದರೆ, ರೋಗಲಕ್ಷಣ ಇದ್ದು ಕಿಣ್ವ, ಮುಖ್ಯವಾಗಿ ಎಸ್‌ಜಿಪಿಟಿ, ಮೇಲ್ಮಿತಿಯ ಮೂರು ಪಟ್ಟು ದಾಟಿದಾಗ. ಲಕ್ಷಣ ಏನೂ ಇಲ್ಲದಿದ್ದರೆ ಐದು ಪಟ್ಟು ದಾಟಿದಾಗ. ಕಾಮಾಲೆ ಬಂದರಂತೂ ನಿಲ್ಲಿಸಲೇಬೇಕು. ನಿಲ್ಲಿಸಿದ ಮೇಲೂ ಹಾಗೇ ಬಿಡುವುದಿಲ್ಲ. ಇಳಿದ ನಂತರ ಒಂದೊಂದಾಗಿ ಮತ್ತೆ ಶುರು ಮಾಡುತ್ತಾರೆ. ಟಿಬಿಯ ನಾಲ್ಕು ಔಷಧಿಗಳಲ್ಲಿ ಲಿವರಿಗೆ ಹೆಚ್ಚು ಕಾಟ ಪೈರಜಿನಮೈಡ್‌ದು. ಎಥಾಂಬ್ಯುಟಾಲ್‌ನಿಂದ ಲಿವರಿಗೆ ಹೆಚ್ಚುಕಮ್ಮಿ ತೊಂದರೆಯೇ ಇಲ್ಲ. ಮನೆಯಲ್ಲಿ ಕೂತು ನಿಲ್ಲಿಸಿದರೆ ಈ ಯಾವ ಲೆಕ್ಕವೂ ಇಲ್ಲದೆ ಟಿಬಿ ಮಾತ್ರ ಗಟ್ಟಿಯಾಗುತ್ತದೆ.

ಬಿಟ್ಟವನು
ನಾನು ಡಾಕ್ಟರಲ್ಲ, ಕುಡಿದು ಬಿಟ್ಟವನು. ಚಿಕ್ಕಪ್ಪ ‘ಬಿಟ್ಟಿದ್ದೇನೆ’ ಅಂದದ್ದು ನಿಜವೋ ಸುಳ್ಳೋ ಅಂತ ಪೊಲೀಸರ ಹಾಗೆ ಕೇಳಬೇಡಿ. ಇನ್ನಷ್ಟು ಮುಚ್ಚಿಡುತ್ತಾರೆ. ಡಾಕ್ಟರ ಮುಂದೆ ಒಬ್ಬರೇ ಕೂತು ಮಾತಾಡಲು ಬಿಡಿ. ನನ್ನ ಹೆಂಡತಿ ಪಕ್ಕದಲ್ಲಿ ಇರುವವರೆಗೂ ನಾನು ಡಾಕ್ಟರಿಗೆ ‘ಯಾವಾಗಾದರೂ ಒಮ್ಮೆ’ ಅಂತಲೇ ಹೇಳುತ್ತಿದ್ದೆ.

ಪೆಗ್ಗು, ಗ್ಲಾಸು ಅಂತ ಹೇಳುವುದಕ್ಕಿಂತ ಎಂಎಲ್ ಹೇಳಿ. 42.8 ಪರ್ಸೆಂಟಿನ 90 ಎಂಎಲ್ ಪ್ಯಾಕೆಟ್‌ನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಕ್ವಾರ್ಟರ್ ಅಂದರೆ 60 ಗ್ರಾಂ. ‘ನಾನು ಬರೀ ಬಿಯರ್’ ಅನ್ನುವವರಿಗೆ ಹೇಳುತ್ತೇನೆ, 8 ಪರ್ಸೆಂಟಿನ 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲಿ 40 ಗ್ರಾಂ ಇದೆ. ನೈಂಟಿಗಿಂತ ಜಾಸ್ತಿ.

ಇನ್ನೆರಡು ಎಚ್ಚರಿಕೆ. ದಿನವೂ ಜಾಸ್ತಿ ಕುಡಿಯುವವರನ್ನು ರೂಮಿನಲ್ಲಿ ಕೂಡಿಹಾಕಿ ಒಂದೇ ಏಟಿಗೆ ಬಿಡಿಸಬೇಡಿ. ಮೊದಲೆರಡು ದಿನದಲ್ಲಿ ಕೈ ನಡುಕ, ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಇಲ್ಲದ್ದು ಕಾಣುವುದು, ಗೋಡೆ ಮೇಲೆ ಹುಳ ಹರಿದಂತಾಗುವುದು. ಅದು ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಸಲೀಸಾಗಿ ಇಳಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಮಾತಾಡಬೇಕು ಅಂದರೆ ಸರ್ಕಾರದ ಮನೋಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೆಯದು, ‘ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಅಂತ ಮಾರುವ ಪುಡಿ. ಅದರೊಳಗೆ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ನಮ್ಮ ಮನೆಯಲ್ಲೂ ಯಾರೋ ತಂದು ಕೊಟ್ಟಿದ್ದರು.

ಔಷಧಿ ಅಂಗಡಿ
ಇದು ಬಹಳ ಮುಖ್ಯ. ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಸಾರಿಗೆ ಬೆರೆಸುವವರೂ ಇದ್ದಾರೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಬಿದ್ದು ಹೋಗುತ್ತದೆ. ರೋಗಿ ಒಪ್ಪಿ, ಡಾಕ್ಟರ್ ಬರೆದು ಕೊಡಬೇಕಾದ ಮಾತ್ರೆ ಅದು. ಅಪರೂಪಕ್ಕೆ ಅದೇ ಲಿವರಿಗೆ ಜೋರು ಪೆಟ್ಟು ಕೊಡುತ್ತದೆ. ಕುಡಿತ ಬಿಟ್ಟರೂ ಎಸ್‌ಜಿಪಿಟಿ ಯಾಕೆ ಏರಿತು ಅಂತ ತಲೆ ಕೆಡಿಸಿಕೊಳ್ಳುವ ಹಾಗಾಗುತ್ತದೆ.

ಬೆಣ್ಣೆದೋಸೆ
ಎಲ್ಲರಿಗೂ ಥ್ಯಾಂಕ್ಸ್. ವಾಂತಿ ಇಲ್ಲ, ಕಣ್ಣು ಬೆಳ್ಳಗಿದೆ, ಹೊಟ್ಟೆನೋವಿಲ್ಲ. ಚೀಲಕ್ಕೆ ತುಂಬಿದೆ. ಪಿರಿಡಾಕ್ಸಿನ್ ಪಟ್ಟಿ ಒಡೆದೇ ಇಲ್ಲ, ‘ಅದು ಬರೀ ವಿಟಮಿನ್’ ಅಂತ ಬಿಟ್ಟಿದ್ದರಂತೆ. ಸೊಂಟನೋವಿನ ಮಾತ್ರೆ ಒಂದು ಪಟ್ಟಿ, ಜ್ವರದ ಮಾತ್ರೆ ಎರಡು ಪಟ್ಟಿ, ಒಂದು ಲಿವರ್ ಟಾನಿಕ್, ಮತ್ತೆ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಅಮೃತಬಳ್ಳಿ ರಸ. ಚಿಕ್ಕಮ್ಮ ಕೊನೆಗೂ ಬಾಯಿ ಬಿಟ್ಟರು. ಕುಡಿತ ನಿಂತಿಲ್ಲ. ದಿನಕ್ಕೆ ಎರಡು ನೈಂಟಿ. ‘ಟಾನಿಕ್ ಕುಡಿಯುತ್ತಿದ್ದೇನಲ್ಲ, ಸರಿಹೋಗುತ್ತೆ’ ಅಂತ ಅವರ ಲೆಕ್ಕ.

ಮೈಸೂರು ಫಿಜಿಷಿಯನ್
ಟಾನಿಕ್ ಕುಡಿದು ಸಂಖ್ಯೆ ಇಳಿದರೂ ಲಿವರ್ ಸುಧಾರಿಸಿತು ಅಂತ ಅರ್ಥವಲ್ಲ. ಲಿವರ್ ಪೂರ್ತಿ ಗಂಟುಗಂಟಾಗಿ ಸಿರೋಸಿಸ್ ಆದವರಲ್ಲೂ ಎಸ್‌ಜಿಪಿಟಿ ನಾರ್ಮಲ್ ಇರಬಹುದು. ಸೋರಲು ಜೀವಕೋಶವೇ ಕಮ್ಮಿ ಉಳಿದಿರುತ್ತದೆ. ಲಿವರ್ ಕೆಲಸ ಮಾಡುತ್ತಿದೆಯಾ ಅಂತ ಹೇಳುವುದು ಅಲ್ಬುಮಿನ್, ಬಿಲಿರುಬಿನ್, ಮತ್ತೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ಪಿಟಿ-ಐಎನ್‌ಆರ್. ಅಲ್ಬುಮಿನ್ ನಿಧಾನಿ, ಅದರ ಅರ್ಧಾಯುಸ್ಸು (ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 20 ದಿನ. ಟಿಬಿ, ಅರೆಹೊಟ್ಟೆ ಇದ್ದರೂ ಇಳಿಯುತ್ತದೆ. ಹೊಸ ಪೆಟ್ಟು ಬೇಗ ಗೊತ್ತಾಗುವುದು ಐಎನ್‌ಆರ್‌ನಲ್ಲಿ. ಸಾಮಾನ್ಯ ಎಲ್‌ಎಫ್‌ಟಿಯಲ್ಲಿ ಅದು ಸೇರಿರುವುದಿಲ್ಲ. ನಾಳೆ ಕೇಳಿ ಮಾಡಿಸಿ. ಹೆಪಟೈಟಿಸ್ ಬಿ, ಸಿ ಪರೀಕ್ಷೆಯೂ ಆಗಿರಬೇಕು.

ಎರಡು ನೈಂಟಿ ಅಂದರೆ 60 ಗ್ರಾಂ. ಅದನ್ನು ಟಿಬಿ ಕೇಂದ್ರದಲ್ಲಿ ಹಾಗೇ ಹೇಳಿ, ನಾಚಿಕೆ ಬೇಡ. ಬೈಯ್ದರೆ ಬೈಯ್ಯಲಿ.

ಬಿಪಿ ಶುಗರ್ ಮಾಮ
ನಡುವೆ ಬಂದೆ, ಕ್ಷಮಿಸಿ. ನನಗೆ ಕೊಲೆಸ್ಟ್ರಾಲ್‌ಗೆ ಅಟೋರ್ವಾಸ್ಟಾಟಿನ್ ಕೊಟ್ಟಿದ್ದಾರೆ. ಎಸ್‌ಜಿಪಿಟಿ 62. ಫ್ಯಾಟಿ ಲಿವರ್ ಅಂತಲೂ ಸ್ಕ್ಯಾನಿನಲ್ಲಿದೆ. ಇದನ್ನೆಲ್ಲ ಓದಿ ಮಾತ್ರೆ ನಿಲ್ಲಿಸೋಣ ಅನಿಸುತ್ತಿದೆ.

ಮೈಸೂರು ಫಿಜಿಷಿಯನ್
ಓದಿ ನಿಲ್ಲಿಸುವ ಮಾತ್ರೆಗಳಲ್ಲಿ ಅದೇ ಮೊದಲನೆಯದು! ಸ್ಟಾಟಿನ್‌ನಿಂದ ಎಸ್‌ಜಿಪಿಟಿ ಸ್ವಲ್ಪ ಏರುವುದುಂಟು, ಹೆಚ್ಚಾಗಿ ತಾನೇ ಇಳಿಯುತ್ತದೆ. ಗಂಭೀರ ಪೆಟ್ಟು ಎಷ್ಟು ಅಪರೂಪ ಅಂದರೆ, ಸ್ಟಾಟಿನ್ ನುಂಗುವವರು ಆಗಾಗ ಎಲ್‌ಎಫ್‌ಟಿ ಮಾಡಿಸಬೇಕು ಅನ್ನುವ ಸೂಚನೆಯನ್ನೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ತೆಗೆದುಹಾಕಿತು. ಶುರುವಿನಲ್ಲಿ ಒಮ್ಮೆ, ಆಮೇಲೆ ಲಕ್ಷಣ ಇದ್ದರೆ. ನಿಮ್ಮ 62ಕ್ಕೆ ಕಾರಣ ಫ್ಯಾಟಿ ಲಿವರೇ ಇರಬಹುದು. ನಿಮ್ಮ ಡಾಕ್ಟರಿಗೆ ತೋರಿಸಿ, ಮಾತ್ರೆ ನುಂಗುತ್ತಿರಿ, ಹೊಟ್ಟೆ ಕರಗಿಸಿ.

ರಾತ್ರಿಪಾಳಿ
ನಾಳೆ ಬೆಳಗ್ಗೆ ಕಂಪನಿ ಚೆಕಪ್ ಇದೆ. ಶನಿವಾರ ಪಾರ್ಟಿಯಲ್ಲಿ ಮೂರು ಪೆಗ್ ಆಗಿತ್ತು. ಸಿಕ್ಕಿಬೀಳುತ್ತೇನಾ?

ರಕ್ತದ ಹನಿ
ಯಾವಾಗಲೋ ಒಮ್ಮೆ ಕುಡಿಯುವವರಿಗೆ ಒಂದು ಪಾರ್ಟಿಯಿಂದ ಎಲ್‌ಎಫ್‌ಟಿ ಅಷ್ಟಾಗಿ ಕದಲುವುದಿಲ್ಲ. ತಿಂಗಳುಗಟ್ಟಲೆ ಕುಡಿದವರಿಗೆ ಹಿಂದಿನ ದಿನ ಉಪವಾಸ ಮಾಡಿದರೂ ಮುಚ್ಚಿಡಲು ಆಗುವುದಿಲ್ಲ. ಜಿಜಿಟಿ ಅರ್ಧಕ್ಕೆ ಇಳಿಯಲೇ ಎರಡು ಮೂರು ವಾರ ಬೇಕು. ಹಿಮೋಗ್ರಾಂನಲ್ಲಿ ಎಂಸಿವಿ ಅಂತ ಒಂದು ಸಾಲಿರುತ್ತದೆ, ಕೆಂಪುಕಣದ ಗಾತ್ರ. ಕುಡಿತದಲ್ಲಿ ಅದು ಉಬ್ಬುತ್ತದೆ. ಕಣದ ಆಯಸ್ಸು 120 ದಿನ, ಹಾಗಾಗಿ ಬಿಟ್ಟ ಮೇಲೂ ತಿಂಗಳುಗಟ್ಟಲೆ ಅದು ಅಲ್ಲೇ ಇರುತ್ತದೆ. ಆದರೆ ಜಿಜಿಟಿ ಜಾಸ್ತಿ ಇರುವವರೆಲ್ಲ ಕುಡುಕರು ಅಂತ ಅಲ್ಲ. ಫ್ಯಾಟಿ ಲಿವರ್, ಶುಗರ್, ಪಿತ್ತನಾಳದ ಕಲ್ಲು ಇದ್ದರೂ ಏರುತ್ತದೆ.

ರಾತ್ರಿಪಾಳಿ
ಹೋದ ಸಲ ಬಿಲಿರುಬಿನ್ 2.1 ಬಂದಿತ್ತು, ಉಳಿದಿದ್ದೆಲ್ಲ ನಾರ್ಮಲ್. ಹದಿನಾಲ್ಕು ಗಂಟೆ ಖಾಲಿಹೊಟ್ಟೆಯಲ್ಲಿ ಹೋಗಿದ್ದೆ.

ಮೈಸೂರು ಫಿಜಿಷಿಯನ್
ಇಂಡೈರೆಕ್ಟ್ ಬಿಲಿರುಬಿನ್ ಮಾತ್ರ ಜಾಸ್ತಿ ಇದ್ದರೆ ಗಿಲ್ಬರ್ಟ್ ಇರಬಹುದು. ಹುಟ್ಟಿನಿಂದ ಬರುವ ಸಣ್ಣ ವ್ಯತ್ಯಾಸ, ರೋಗ ಅನ್ನುವಂತಿಲ್ಲ. ಹಸಿದಷ್ಟೂ ಏರುತ್ತದೆ. ಚೆಕಪ್ ಡಾಕ್ಟರಿಗೆ ಹಳೇ ರಿಪೋರ್ಟ್ ತೋರಿಸಿ, ರಕ್ತಕಣ ಒಡೆಯುತ್ತಿಲ್ಲ ಅಂತ ಒಮ್ಮೆ ಖಚಿತಪಡಿಸಿಕೊಂಡರೆ ಸಾಕು.

ಬೆಣ್ಣೆದೋಸೆ
ಹೋಗಿ ಬಂದೆವು. ಮಾತ್ರೆ ಶುರುವಾಗುವ ಮುಂಚಿನ ರಿಪೋರ್ಟ್ ಫೈಲಿನಲ್ಲೇ ಇತ್ತು! ಎಸ್‌ಜಿಒಟಿ 151, ಎಸ್‌ಜಿಪಿಟಿ 66. ಅಂದರೆ ಮೊದಲಿನಿಂದಲೂ ಹಾಗೇ. ಐಎನ್‌ಆರ್ 1.1. ಹೆಪಟೈಟಿಸ್ ಬಿ, ಸಿ ಇಲ್ಲ. ಟಿಬಿ ಮಾತ್ರೆ ಮುಂದುವರಿಸಿ, ವಾರಕ್ಕೊಮ್ಮೆ ಎಲ್‌ಎಫ್‌ಟಿ ಮಾಡೋಣ ಅಂದರು. ಚೀಲದಿಂದ ಸೊಂಟನೋವಿನ ಮಾತ್ರೆ, ಟಾನಿಕ್, ಅಮೃತಬಳ್ಳಿ ಬಾಟಲಿ ಮೂರನ್ನೂ ಎತ್ತಿಟ್ಟುಕೊಂಡರು. ಪಿರಿಡಾಕ್ಸಿನ್ ಈಗ ಆಶಾ ಕಾರ್ಯಕರ್ತೆಯ ಎದುರಿಗೇ ನುಂಗಬೇಕು. ಕುಡಿತಕ್ಕೆ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದ್ದಾರೆ. ಚಿಕ್ಕಪ್ಪ ಮುಖ ಊದಿಸಿಕೊಂಡಿದ್ದಾರೆ, ಆದರೆ ಹೋಗುತ್ತೇನೆ ಅಂದಿದ್ದಾರೆ.

ಬಿಟ್ಟವನು
ಮುಖ ಊದಿಸಿಕೊಳ್ಳಲಿ ಬಿಡಿ. ಹೋಗುತ್ತೇನೆ ಅಂದಿದ್ದಾರಲ್ಲ.

ಬೆಣ್ಣೆದೋಸೆ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಎಸ್‌ಜಿಒಟಿ 52, ಎಸ್‌ಜಿಪಿಟಿ 41. ಜಿಜಿಟಿ ಮಾತ್ರ ಇನ್ನೂ 190. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ಕುಡಿತ ನಿಲ್ಲಿಸಿದ್ದಾರೆ. ಆ 190 ನೋಡಿ ಪಕ್ಕದ ಮನೆಯವರು ಮತ್ತೆ ‘ಕದ್ದು ಕುಡಿಯುತ್ತಿದ್ದಾನೆ’ ಅನ್ನುತ್ತಿದ್ದಾರೆ. ಚಿಕ್ಕಪ್ಪನಿಗೆ ಸಿಟ್ಟು.

ಮೈಸೂರು ಫಿಜಿಷಿಯನ್
ಸಿಟ್ಟು ನ್ಯಾಯವಾಗಿಯೇ ಇದೆ. ಎಸ್‌ಜಿಒಟಿಯ ಅರ್ಧಾಯುಸ್ಸು ಒಂದು ದಿನವೂ ಇಲ್ಲ, ಅದಕ್ಕೇ ಬೇಗ ಇಳಿದಿದೆ. ಜಿಜಿಟಿ 310ರಿಂದ 190 ಅಂದರೆ ಕುಡಿತ ಬಿಟ್ಟವರಲ್ಲಿ ಇಳಿಯಬೇಕಾದ ವೇಗದಲ್ಲೇ ಇಳಿದಿದೆ. ರಿಫಾಂಪಿಸಿನ್ ಇರುವವರೆಗೆ ಪೂರ್ತಿ ನಾರ್ಮಲ್‌ಗೆ ಬರದೆಯೂ ಇರಬಹುದು. ಪಕ್ಕದ ಮನೆಯವರಿಗೆ ರಿಪೋರ್ಟ್ ತೋರಿಸುವುದನ್ನು ನಿಲ್ಲಿಸಿ.

ಎರಡು ತಿಂಗಳು ತುಂಬಿದಾಗ ಪೈರಜಿನಮೈಡ್ ನಿಲ್ಲುತ್ತದೆ. ಅಲ್ಲಿಂದ ಮುಂದೆ ಲಿವರಿನ ಮೇಲಿನ ಭಾರ ಸ್ವಲ್ಪ ಇಳಿಯುತ್ತದೆ. ಆದರೆ ಐಸೋನಿಯಾಜಿಡ್, ರಿಫಾಂಪಿಸಿನ್ ಇನ್ನೂ ನಾಲ್ಕು ತಿಂಗಳು ಇರುತ್ತವೆ. ಎಲ್‌ಎಫ್‌ಟಿ ಎಷ್ಟು ದಿನಕ್ಕೊಮ್ಮೆ ಅಂತ ಅಲ್ಲಿಯೇ ಕೇಳಿಕೊಳ್ಳಿ. ವಾಂತಿ ಅಥವಾ ಕಣ್ಣು ಹಳದಿ ಕಂಡರೆ ಆ ತಾರೀಖಿನವರೆಗೆ ಕಾಯಬೇಡಿ.

ಔಷಧಿ ಅಂಗಡಿ
ಸೊಂಟನೋವಿಗೆ ಈಗ ಏನು ಮಾಡುತ್ತಿದ್ದಾರೆ ಅಕ್ಕ?

ಬೆಣ್ಣೆದೋಸೆ
ಬಿಸಿನೀರಿನ ಚೀಲ, ಹಚ್ಚುವ ಮುಲಾಮು. ಬೇಕೇಬೇಕು ಅಂದರೆ ಪ್ಯಾರಸಿಟಮಾಲ್ 500ರದ್ದು, ದಿನಕ್ಕೆ ಎರಡರ ಮೇಲೆ ಬೇಡ ಅಂದಿದ್ದಾರೆ. ಪಟ್ಟಿ ಚಿಕ್ಕಮ್ಮನ ಬೀಗದಲ್ಲಿದೆ.